ಕಣ್ಣಿಗೆ ಬಿಟ್ಟ ಹನಿ ಮೈಗೂ ಸೇರುತ್ತದೆ: ಡ್ರಾಪ್ಸ್‌ನ ಅಡ್ಡಪರಿಣಾಮಗಳನ್ನು ಗಮನಿಸುವುದು ಹೇಗೆ?

ಡಾಕ್ಟರು ಮಾತ್ರೆ ಬರೆದುಕೊಟ್ಟರೆ ಹತ್ತು ಪ್ರಶ್ನೆ ಕೇಳುತ್ತೇವೆ. ಕಣ್ಣಿನ ಡ್ರಾಪ್ಸ್ ಬರೆದರೆ ಮಾತ್ರ ಸುಮ್ನೆ ಜೇಬಿಗೆ ಹಾಕಿಕೊಂಡು ಬರುತ್ತೇವೆ. ಬರೀ ಹನಿ ತಾನೇ, ಏನಾದೀತು ಎಂಬ ಧೈರ್ಯ. ಬೇರೆ ಕಾಯಿಲೆಗೆ ಹೋದಾಗ "ಈಗ ಯಾವ ಔಷಧ ತಗೋತಿದೀರಿ?" ಎಂದು ಕೇಳಿದರೂ ಡ್ರಾಪ್ಸ್ ಹೆಸರು ಬಾಯಿಗೆ ಬರುವುದಿಲ್ಲ. ಆದರೆ ಕೆಲವು ಡ್ರಾಪ್ಸ್ ಎದೆಬಡಿತವನ್ನೂ ನಿಧಾನ ಮಾಡಬಲ್ಲವು. ಇನ್ನೊಂದು ವಿಷಯ: ಕಣ್ಣು ಉರಿಸುವ ಡ್ರಾಪ್ಸ್‌ಗೆ ಹೆದರುತ್ತೇವೆ, ಹಾಯೆನಿಸುವ ಡ್ರಾಪ್ಸ್‌ ನಂಬುತ್ತೇವೆ. ಎಷ್ಟೋ ಸಲ ಅದು ತಿರುಗುಮುರುಗು.

ಹಂತ 1: ಮೊದಲ ಹನಿಗೂ ಮುಂಚೆ ಬಾಯಿಬಿಟ್ಟು ಹೇಳಿ

ಅಸ್ತಮಾ ಇದೆಯೇ? ಎದೆಬಡಿತ ನಿಧಾನವೇ? ಬಿಪಿ ಅಥವಾ ಹೃದಯಕ್ಕೆ ಮಾತ್ರೆ ನಡೆಯುತ್ತಿದೆಯೇ? ಗರ್ಭಿಣಿಯೇ, ಎದೆಹಾಲು ಕುಡಿಸುತ್ತಿದ್ದೀರಾ? ಸಲ್ಫಾ ಔಷಧ ಅಲರ್ಜಿಯೇ? ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೀರಾ? ಡಾಕ್ಟರು ಕೇಳದಿದ್ದರೂ ಇಷ್ಟನ್ನು ನೀವೇ ಹೇಳಿ. ಹಾಗೆಯೇ ಡ್ರಾಪ್ಸ್ ಎಷ್ಟು ದಿನ ಹಾಕಬೇಕು, ಮತ್ತೆ ಯಾವಾಗ ತೋರಿಸಬೇಕು ಎಂದು ಕೇಳಿಕೊಳ್ಳಿ. ಎರಡನೇ ಪ್ರಶ್ನೆ ಏಕೆ ಮುಖ್ಯ ಎಂಬುದು ಸ್ಟೀರಾಯ್ಡ್ ವಿಷಯ ಬಂದಾಗ ತಿಳಿಯುತ್ತದೆ.

ಹಂತ 2: ಹನಿ ಕಣ್ಣಲ್ಲೇ ನಿಲ್ಲುವಂತೆ ಹಾಕಿ

ಬಾಟಲಿಯಿಂದ ಬೀಳುವ ಒಂದು ಹನಿ ಸಾಮಾನ್ಯವಾಗಿ 30ರಿಂದ 50 ಮೈಕ್ರೋಲೀಟರ್ ಇರುತ್ತದೆ. ಕಣ್ಣು ಹಿಡಿಯುವುದೇ ಹೆಚ್ಚೆಂದರೆ ಸುಮಾರು 30. ಅಂದರೆ ಒಂದೇ ಹನಿ ಜಾಸ್ತಿಯಾಯಿತು, ಎರಡನೆಯದು ಶುದ್ಧ ದಂಡ. ಹೆಚ್ಚಾದದ್ದು ಸ್ವಲ್ಪ ಕೆನ್ನೆಗೆ ಇಳಿಯುತ್ತದೆ. ಉಳಿದದ್ದು ಕಣ್ಣಿನ ಒಳಮೂಲೆಯಲ್ಲಿರುವ ಸಣ್ಣ ರಂಧ್ರಗಳ ಮೂಲಕ ಮೂಗಿಗೆ ಹೋಗುತ್ತದೆ. ಡ್ರಾಪ್ಸ್ ಹಾಕಿದ ಮೇಲೆ ಗಂಟಲು ಕಹಿಯಾಗುವುದು ಇದಕ್ಕೇ.

ಕಹಿ ದೊಡ್ಡ ಸಮಸ್ಯೆಯಲ್ಲ. ಮೂಗಿನ ಒಳಪದರ ಔಷಧವನ್ನು ಬೇಗ ಹೀರಿ ನೇರ ರಕ್ತಕ್ಕೆ ಸೇರಿಸುತ್ತದೆ, ಅದು ಸಮಸ್ಯೆ. ನುಂಗಿದ ಮಾತ್ರೆ ಮೊದಲು ಲಿವರ್ ಹಾದು ಹೋಗಬೇಕು, ಅಲ್ಲಿ ಅದರ ಶಕ್ತಿ ಒಂದಿಷ್ಟು ಕುಗ್ಗುತ್ತದೆ. ಮೂಗಿನ ದಾರಿಯಲ್ಲಿ ಆ ತಡೆ ಇಲ್ಲ.

ಇದನ್ನು ತಡೆಯಲು ಒಂದು ಬೆರಳು ಸಾಕು. ಕೈ ತೊಳೆದು, ತಲೆ ಹಿಂದಕ್ಕೆ ವಾಲಿಸಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆಯಿರಿ. ಅಲ್ಲಿ ಆಗುವ ಜಾಗಕ್ಕೆ ಒಂದೇ ಹನಿ ಬಿಡಿ. ಬಾಟಲಿಯ ತುದಿ ಕಣ್ಣಿಗಾಗಲಿ ರೆಪ್ಪೆಗಾಗಲಿ ತಾಗಬಾರದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಪಟಪಟ ರೆಪ್ಪೆ ಬಡಿಯಬೇಡಿ, ಬಡಿದರೆ ಔಷಧವನ್ನು ನೀವೇ ಮೂಗಿಗೆ ತಳ್ಳಿದಂತೆ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷವಾದರೂ ಬಿಡಿ, ಮುಲಾಮು ಇದ್ದರೆ ಅದು ಕೊನೆಗೆ. ಅಡ್ಡಪರಿಣಾಮ ತಗ್ಗಿಸಲು ಇಷ್ಟು ಸುಲಭದ ಉಪಾಯ ಇನ್ನೊಂದಿಲ್ಲ. ಆದರೂ ಇದನ್ನು ಮಾಡುವವರು ಕಡಿಮೆ.

ಹಂತ 3: ನಿಮ್ಮ ಡ್ರಾಪ್ಸ್ ಯಾವ ಗುಂಪಿನದು ನೋಡಿ

ಬಾಟಲಿಯ ಮೇಲೆ ಕಂಪನಿ ಇಟ್ಟ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ ಔಷಧದ ಹೆಸರು ಇರುತ್ತದೆ. ನಮಗೆ ಬೇಕಾದ್ದು ಅದು.

ಟಿಮೊಲಾಲ್: ಗ್ಲಾಕೋಮಾದಲ್ಲಿ, ಅಂದರೆ ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ಕಣ್ಣಿನ ನರ ಸವೆಯುವ ಕಾಯಿಲೆಯಲ್ಲಿ, ಆ ಒತ್ತಡ ಇಳಿಸಲು ಕೊಡುತ್ತಾರೆ. ಇದು ಬೀಟಾ ಬ್ಲಾಕರ್, ಬಿಪಿಗೆ ಕೊಡುವ ಕೆಲವು ಮಾತ್ರೆಗಳ ಬಳಗದ್ದೇ. ನಾಡಿ ನಿಧಾನವಾಗುವುದು, ಸುಸ್ತು, ತಲೆಸುತ್ತು ಬರಬಹುದು. ಅಸ್ತಮಾ ಇದ್ದವರಿಗೆ ಉಸಿರು ಕಟ್ಟಬಹುದು, ಅಂಥವರಿಗೆ ಇದು ಕೂಡದು. ವಯಸ್ಸಾದವರು ಡ್ರಾಪ್ಸ್ ಶುರುವಾದ ಮೇಲೆ ಸಪ್ಪಗಾದರೆ 'ವಯಸ್ಸಾಯ್ತಲ್ವಾ' ಎಂದು ಸುಮ್ಮನಾಗಬೇಡಿ. ನಾಡಿ ನೋಡಿಸಿ.

ಲಾಟನೊಪ್ರಾಸ್ಟ್, ಟ್ರಾವೊಪ್ರಾಸ್ಟ್, ಬಿಮಾಟೊಪ್ರಾಸ್ಟ್: ಇವೂ ಗ್ಲಾಕೋಮಾಗೇ. ಮೈಗೆ ಹೆಚ್ಚು ತೊಂದರೆ ಕೊಡುವುದಿಲ್ಲ, ಮುಖದ ಮೇಲೆ ಗುರುತು ಬಿಡುತ್ತವೆ. ಕಣ್ಣು ಕೆಂಪಗಾಗುತ್ತದೆ. ರೆಪ್ಪೆಗೂದಲು ಉದ್ದವಾಗಿ ದಪ್ಪವಾಗುತ್ತದೆ. ಕಣ್ಣಿನ ಸುತ್ತಲ ಚರ್ಮ ಕಪ್ಪಾಗಬಹುದು, ಕಣ್ಣು ಒಳಗಿಳಿದಂತೆ ಕಾಣಬಹುದು. ಕಣ್ಣಿನ ಬಣ್ಣವೇ ಕಂದಾಗುವುದೂ ಉಂಟು, ಅದು ಮತ್ತೆ ಮೊದಲಿನಂತಾಗುವುದಿಲ್ಲ. ಒಂದೇ ಕಣ್ಣಿಗೆ ಹಾಕುವವರಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ತಮಾಷೆ ಎಂದರೆ, ರೆಪ್ಪೆಗೂದಲು ಬೆಳೆಯುವ ಈ ಅಡ್ಡಪರಿಣಾಮವನ್ನೇ ಮುಂದೆ ಮಾಡಿ, 2008ರಲ್ಲಿ ಅಮೆರಿಕದಲ್ಲಿ ಬಿಮಾಟೊಪ್ರಾಸ್ಟ್‌ಗೆ ರೆಪ್ಪೆಗೂದಲು ಬೆಳೆಸುವ ಔಷಧವಾಗಿಯೂ ಒಪ್ಪಿಗೆ ಸಿಕ್ಕಿತು!

ಸ್ಟೀರಾಯ್ಡ್ ಡ್ರಾಪ್ಸ್: ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಮುಂತಾದವು. ನಿಜವಾಗಿ ಎಚ್ಚರ ಬೇಕಾದದ್ದು ಇಲ್ಲಿ. ಹಾಕಿದರೆ ಹಾಯೆನಿಸುತ್ತದೆ. ಕೆಂಪು, ತುರಿಕೆ, ನೋವು ಬೇಗ ಇಳಿಯುತ್ತವೆ. ಅದಕ್ಕೇ ಜನ ಹಳೇ ಚೀಟಿ ಹಿಡಿದು ಮತ್ತೆ ಮತ್ತೆ ತರುತ್ತಾರೆ, ಮನೆಯಲ್ಲಿ ಇನ್ನೊಬ್ಬರ ಕಣ್ಣಿಗೂ ಬಿಡುತ್ತಾರೆ. ಆದರೆ ಕೆಲವು ವಾರ ಹಾಕಿದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಕಣ್ಣಿನ ಒತ್ತಡ ಏರುತ್ತದೆ. ನೋವಿಲ್ಲ, ಕೆಂಪಿಲ್ಲ, ದೃಷ್ಟಿಯೂ ಸರಿಯೇ ಇರುತ್ತದೆ. ಒಳಗೆ ಕಣ್ಣಿನ ನರ ಸವೆಯುತ್ತದೆ, ಸವೆದ ನರ ಮತ್ತೆ ಬೆಳೆಯುವುದಿಲ್ಲ. ದೀರ್ಘಕಾಲ ಹಾಕಿದರೆ ಪೊರೆಯೂ ಬರಬಹುದು. ಹರ್ಪಿಸ್ ವೈರಸ್‌ನಿಂದ ಕೆಂಪಾದ ಕಣ್ಣಿಗೆ ಬಿಟ್ಟರಂತೂ ಸೋಂಕು ಉಲ್ಬಣಿಸುತ್ತದೆ. ಒತ್ತಡ ಏರಿದ್ದು ಅಳೆದು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಡಾಕ್ಟರು ಹೇಳಿದ ದಿನ ಮರಳಿ ಹೋಗಬೇಕು ಎನ್ನುವುದು ಇದಕ್ಕೇ. ಹಾಗಂತ ಹೆದರಿ ತಟ್ಟನೆ ನಿಲ್ಲಿಸುವುದೂ ಬೇಡ, ಉರಿಯೂತ ಮರುಕಳಿಸಬಹುದು. ಹೇಳಿದಂತೆ ಕಡಿಮೆ ಮಾಡುತ್ತಾ ಬನ್ನಿ.

ಉಳಿದವು ಚುಟುಕಾಗಿ. ಗ್ಲಾಕೋಮಾಗೆ ಕೊಡುವ ಬ್ರಿಮೊನಿಡಿನ್‌ನಿಂದ ನಿದ್ದೆ ಮಂಪರು, ಬಾಯಿ ಒಣಗುವುದು, ತಿಂಗಳುಗಳ ನಂತರವೂ ಅಲರ್ಜಿ. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಅಪಾಯ, ಉಸಿರಾಟವೇ ನಿಲ್ಲಬಹುದು. ಗ್ಲಾಕೋಮಾದ್ದೇ ಇನ್ನೊಂದು ಔಷಧ ಡೋರ್ಜೋಲಮೈಡ್ ಚುರ್ ಎನ್ನುತ್ತದೆ, ಬಾಯಿ ಕಹಿ ಮಾಡುತ್ತದೆ. ಅಟ್ರೋಪಿನ್ ಹಾಕಿದರೆ ಪಾಪೆ ಹಿಗ್ಗಿ ಒಂದೆರಡು ವಾರದವರೆಗೂ ಬೆಳಕು ಚುಚ್ಚಬಹುದು, ಹತ್ತಿರದ್ದು ಮಂಜಾಗಿ ಕಾಣಬಹುದು. ಮಗುವಿಗೆ ಹಾಕಿದ ಮೇಲೆ ಮುಖ ಕೆಂಪೇರಿ ಮೈ ಬಿಸಿಯಾದರೆ ಕೂಡಲೇ ತಿಳಿಸಿ.

ಕೆಲವೊಮ್ಮೆ ತಪ್ಪು ಔಷಧದ್ದಲ್ಲ, ಅದು ಕೆಡದಂತೆ ಬೆರೆಸುವ ಬೆನ್ಜಾಲ್ಕೋನಿಯಮ್ ಕ್ಲೋರೈಡ್‌ನದ್ದು. ದಿನವೂ ಹಾಕುವವರಲ್ಲಿ ಇದು ಕಣ್ಣು ಒಣಗಿಸುತ್ತದೆ, ಮೃದು ಲೆನ್ಸ್ ಇದನ್ನು ಹೀರಿಕೊಳ್ಳುತ್ತದೆ. ಲೆನ್ಸ್ ತೆಗೆದು ಡ್ರಾಪ್ಸ್ ಹಾಕಿ, 15 ನಿಮಿಷ ಬಿಟ್ಟು ತೊಡಿ. ಇದಿಲ್ಲದ ಡ್ರಾಪ್ಸ್ ಕೂಡ ಸಿಗುತ್ತವೆ, ಕೇಳಿ ನೋಡಿ.

ಹಂತ 4: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಓಡಬೇಕು

ಹಾಕಿದ ಕೂಡಲೇ ಉರಿದು ಒಂದೆರಡು ನಿಮಿಷದಲ್ಲಿ ತಣ್ಣಗಾಗುವುದು, ಸ್ವಲ್ಪ ಹೊತ್ತು ಮಂಜಾಗುವುದು, ಗಂಟಲ ಕಹಿ: ಇವು ಮಾಮೂಲಿ. ಮಂಜು ಹೋಗುವವರೆಗೆ ಗಾಡಿ ಓಡಿಸಬೇಡಿ, ಅಷ್ಟೆ. ರೆಪ್ಪೆ ಊದಿ, ಸುತ್ತಲ ಚರ್ಮ ಕೆಂಪಾಗಿ, ತುರಿಕೆ ದಿನದಿನಕ್ಕೂ ಹೆಚ್ಚುತ್ತಿದ್ದರೆ ಅದು ಅಲರ್ಜಿಯ ಲಕ್ಷಣ. ಡಾಕ್ಟರಿಗೆ ಫೋನ್ ಮಾಡಿ.

ಉಸಿರು ಕಟ್ಟಿದರೆ, ಮುಖ ಅಥವಾ ತುಟಿ ಊದಿದರೆ, ತಲೆಸುತ್ತಿ ಬಿದ್ದರೆ ಅದು ತುರ್ತು. ಕಣ್ಣಲ್ಲಿ ಜೋರು ನೋವು, ದೀಪದ ಸುತ್ತ ಬಣ್ಣದ ಬಳೆ, ವಾಂತಿ, ದೃಷ್ಟಿ ಥಟ್ಟನೆ ಕುಗ್ಗುವುದು ಕೂಡ ಅಷ್ಟೇ ತುರ್ತು. ಪಾಪೆ ಹಿಗ್ಗಿಸುವ ಡ್ರಾಪ್ಸ್‌ನಿಂದ ಕೆಲವರಲ್ಲಿ ಕಣ್ಣಿನ ಒತ್ತಡ ಒಮ್ಮೆಲೇ ಏರುವುದು ಹೀಗೆ. ಬೆಳಗಾಗಲಿ ಎಂದು ಕಾಯಬೇಡಿ.

ಹಂತ 5: ಬಿಡುವ ಮುಂಚೆ ಬದಲಾಯಿಸಲು ಕೇಳಿ

ತುರ್ತು ಅಲ್ಲದ ತೊಂದರೆಗೆ ಗ್ಲಾಕೋಮಾ ಡ್ರಾಪ್ಸ್ ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸಿದಾಗಲೂ ನೋವಿರುವುದಿಲ್ಲ, ಒತ್ತಡ ಮಾತ್ರ ಏರುತ್ತದೆ. ಆ ಕಾಯಿಲೆಗೆ ಹಲವು ಗುಂಪಿನ ಔಷಧಗಳಿವೆ, ಒಂದು ಒಗ್ಗದಿದ್ದರೆ ಇನ್ನೊಂದು. ಯಾವ ದಿನ ಯಾವ ತೊಂದರೆ, ಹನಿ ಹಾಕಿ ಎಷ್ಟು ಹೊತ್ತಿಗೆ, ಎಂದು ಬರೆದಿಟ್ಟುಕೊಂಡು ಬಾಟಲಿ ಸಮೇತ ಹೋಗಿ. ಬಾಟಲಿ ತೆರೆದ ತಾರೀಖನ್ನೂ ಅದರ ಮೇಲೆಯೇ ಬರೆಯಿರಿ. ಹೆಚ್ಚಿನವನ್ನು ತೆರೆದು ನಾಲ್ಕು ವಾರಕ್ಕೆ ಎಸೆಯಬೇಕು, ಅರ್ಧ ಉಳಿದಿದ್ದರೂ.