ಗೋಡೆಯ ಮೇಲಿನ ಮಣ್ಣಿನ ಗೆರೆಯನ್ನು ಒರೆಸಬೇಡಿ

ಗೋಡೆಯ ಬುಡದಿಂದ ಬಾಗಿಲ ಚೌಕಟ್ಟಿನ ಕಡೆಗೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆಯೊಂದು ಹತ್ತಿದ್ದು ಕಂಡರೆ ಹೆಚ್ಚಿನವರು ಏನು ಮಾಡುತ್ತಾರೆ? ಪೊರಕೆ ತಂದು ಗುಡಿಸುತ್ತಾರೆ, ಒದ್ದೆ ಬಟ್ಟೆಯಿಂದ ಒರೆಸುತ್ತಾರೆ, ಮೇಲಿಂದ ಒಂದಿಷ್ಟು ಸೀಮೆಎಣ್ಣೆ ಎರಚುತ್ತಾರೆ. ಗೋಡೆ ಚೊಕ್ಕಟವಾಗುತ್ತದೆ, ಗೆದ್ದಲು ಹಾಗೆಯೇ ಇರುತ್ತದೆ. ಆ ಗೆರೆ ಗೆದ್ದಲಿನ ಓಡಾಟದ ದಾರಿ. ದಾರಿ ಕೆಟ್ಟರೆ ಅದು ಬೇರೆ ಬಿರುಕು ಹುಡುಕಿಕೊಂಡು ಚೌಕಟ್ಟಿನ ಹಿಂಬದಿಯಿಂದ ಹತ್ತುತ್ತದೆ. ಆಮೇಲೆ ಔಷಧಿ ಹಾಕಲು ಬಂದವನಿಗೂ ಅದು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ.

ಆದ್ದರಿಂದ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಅನಂತರ ಗೆರೆಯ ನಡುವೆ ಒಂದು ಬೆರಳಗಲ ಮಾತ್ರ ಕೆರೆದು ತೆಗೆಯಿರಿ. ಒಳಗೆ ಬಿಳಿಚಿಕೊಂಡ ಮೆತ್ತನೆಯ ಹುಳುಗಳು ಓಡುತ್ತಿದ್ದರೆ ಹೇಳುವುದೇ ಬೇಡ. ಏನೂ ಕಾಣದಿದ್ದರೆ ನಾಲ್ಕಾರು ದಿನ ಬಿಟ್ಟು ನೋಡಿ. ಕೆರೆದ ಜಾಗಕ್ಕೆ ಹಸಿ ಮಣ್ಣು ಮೆತ್ತಿದ್ದರೆ ಒಳಗೆ ಸಂಸಾರ ಜೋರಾಗಿಯೇ ನಡೆದಿದೆ. ಮೆತ್ತಿಲ್ಲವೆಂದ ಮಾತ್ರಕ್ಕೆ ಹೋಯಿತೆಂದು ತಿಳಿಯಬೇಡಿ, ದಾರಿ ಬದಲಿಸಿರಲೂಬಹುದು.

ಗೆದ್ದಲಿಗೆ ಬೆಳಕು ಆಗದು, ಒಣ ಗಾಳಿಯಂತೂ ಆಗುವುದೇ ಇಲ್ಲ. ಅದರ ಮೈ ಬೇಗ ಒಣಗಿಹೋಗುತ್ತದೆ. ಆ ಕಾರಣಕ್ಕೇ ಮಣ್ಣಿನ ಸುರಂಗ ಕಟ್ಟಿಕೊಂಡು ನಡೆಯುತ್ತದೆ. ನಮ್ಮ ಕಡೆಯ ಮನೆಗಳನ್ನು ಹಾಳು ಮಾಡುವುದರಲ್ಲಿ ಹೆಚ್ಚಿನವು ನೆಲದೊಳಗೆ ಗೂಡು ಮಾಡಿ, ಮನೆಗೆ ತಿನ್ನಲು ಮಾತ್ರ ಬರುವಂಥವು. ಕಣ್ಣಿಗೆ ಬೀಳುವುದು ಕೂಲಿಯಾಳುಗಳು. ರಾಣಿ ಎಲ್ಲೋ ಅಂಗಳದಾಚೆ ಮಣ್ಣಿನೊಳಗೆ ಮೊಟ್ಟೆ ಇಡುತ್ತಾ ಕುಳಿತಿರುತ್ತಾಳೆ. ಕಂಡ ಹುಳುವನ್ನು ಕೊಂದು ಕೈ ತೊಳೆದುಕೊಂಡರೆ ಪ್ರಯೋಜನವಿಲ್ಲ ಎನ್ನುವುದು ಇದಕ್ಕೇ.

ಮುಂಗಾರಿನ ಮೊದಲ ಮಳೆಗಳು ಬಿದ್ದ ಸಂಜೆ ದೀಪಕ್ಕೆ ಮುತ್ತುವ ಮಳೆಹುಳುಗಳೂ ರೆಕ್ಕೆ ಬಂದ ಗೆದ್ದಲೇ. ಹೊರಗಿನಿಂದ ಬಂದು ದೀಪಕ್ಕೆ ಮುತ್ತಿದರೆ ಕಿಟಕಿ ಮುಚ್ಚಿ, ದೀಪ ಆರಿಸಿದರೆ ಮುಗಿಯಿತು. ಆದರೆ ಮನೆಯೊಳಗಿನ ಚೌಕಟ್ಟಿನ ಸಂದಿಯಿಂದಲೋ ನೆಲದ ಬಿರುಕಿನಿಂದಲೋ ಹೊರಬರುತ್ತಿದ್ದರೆ ಎಚ್ಚರವಾಗಿ. ಮರುದಿನ ಕಿಟಕಿಯ ಕೆಳಗೆ ಉದುರಿದ ರೆಕ್ಕೆಗಳ ರಾಶಿ ಇದ್ದರೂ ಹಾಗೆಯೇ. ರೆಕ್ಕೆ ಬಂದ ಇರುವೆಯನ್ನೂ ಗೆದ್ದಲೆಂದು ಹೆದರುವವರಿದ್ದಾರೆ. ಇರುವೆಗೆ ನಡು ಸಣ್ಣ, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ಉದ್ದ. ಗೆದ್ದಲಿಗೆ ನಡುವೆಂಬುದೇ ಇಲ್ಲ, ನಾಲ್ಕೂ ರೆಕ್ಕೆಗಳು ಒಂದೇ ಅಳತೆ.

ಮಣ್ಣಿನ ಗೆರೆಯೇ ಇಲ್ಲದೆ ಕುರ್ಚಿ, ಮಂಚದ ಕೆಳಗೆ ಗಸಗಸೆ ಗಾತ್ರದ ಗಟ್ಟಿ ಕಾಳುಗಳು ಉದುರಿದ್ದರೆ ಅದು ಒಣಮರದ ಗೆದ್ದಲು. ಅದಕ್ಕೆ ಮಣ್ಣೂ ಬೇಡ, ನೀರೂ ಬೇಡ. ಮರದೊಳಗೇ ಹುಟ್ಟಿ ಮರದೊಳಗೇ ಬದುಕುತ್ತದೆ. ಉದುರಿದ್ದು ಕಾಳಲ್ಲದೆ ನುಣ್ಣನೆಯ ಹುಡಿಯಾಗಿದ್ದು, ಮರದಲ್ಲಿ ದುಂಡಗಿನ ಸಣ್ಣ ತೂತುಗಳಿದ್ದರೆ ಅದು ಗೆದ್ದಲೇ ಅಲ್ಲ, ಮರ ಕೊರೆಯುವ ದುಂಬಿ. ಈ ಎರಡಕ್ಕೂ ನೆಲಕ್ಕೆ ಔಷಧಿ ಹಾಕಿಸುವುದು ದುಡ್ಡು ದಂಡ. ಆ ಮರಕ್ಕಷ್ಟೇ ಔಷಧಿಯನ್ನು ತೂತಿನೊಳಗೆ ಏರಿಸಬೇಕು, ಇಲ್ಲವೇ ಆ ತುಂಡನ್ನೇ ತೆಗೆದು ಸುಡಬೇಕು.

ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗಳು ಒಮ್ಮೆ ಫೋನ್ ಮಾಡಿ, "ಅತ್ತೆ, ಬಟ್ಟೆಯ ಬೀರುವಿನ ಮೂಲೆಯಲ್ಲಿ ಮಣ್ಣು ಕಾಣುತ್ತಿದೆ. ನಾವಿರುವುದು ನಾಲ್ಕನೆಯ ಮಹಡಿ, ಇಲ್ಲಿಗೆ ಗೆದ್ದಲು ಹೇಗೆ ಬರುತ್ತದೆ?" ಎಂದಳು. "ಬೀರುವಿನ ಹಿಂದಿನ ಗೋಡೆ ಬಚ್ಚಲಿನದ್ದಾ?" ಎಂದು ಕೇಳಿದೆ. ಹೌದೆಂದಳು. ಕೆಳಗಿನ ಡ್ರಾಯರ್ ಎಳೆದು ತೆಗೆದು ಹಿಂಬದಿಯನ್ನು ಬೆರಳಿನಿಂದ ಒತ್ತಿ ನೋಡಲು ಹೇಳಿದೆ. ಒತ್ತಿದ್ದೇ ತಡ, ಪ್ಲೈವುಡ್ ಹಲಗೆ ಹಪ್ಪಳದಂತೆ ಮುರಿದು ಕೈಗೆ ಬಂತಂತೆ. ಹಿಂದೆ ಗೋಡೆಯ ಉದ್ದಕ್ಕೂ ಮಣ್ಣು, ಗೋಡೆ ಮುಟ್ಟಿದರೆ ತಣ್ಣಗೆ ಒದ್ದೆ. ಮದುವೆಯ ಆಲ್ಬಮ್ ಇಟ್ಟಿದ್ದ ರಟ್ಟಿನ ಪೆಟ್ಟಿಗೆಯ ತಳವೇ ಇರಲಿಲ್ಲ. ನೀರಿನ ಕೊಳವೆ, ವಿದ್ಯುತ್ ತಂತಿಯ ಪೈಪು ಹಾದುಹೋದ ಸಂದಿಯೇ ಗೆದ್ದಲಿಗೆ ಏಣಿ. ಮೇಲೆ ಸೋರುವ ನಲ್ಲಿಯಿದ್ದರೆ ಮಹಡಿ ಎಷ್ಟನೆಯದಾದರೇನು? ಅವರಿಗೆ ನಾನು ಮೊದಲು ಕರೆಸಲು ಹೇಳಿದ್ದು ಪ್ಲಂಬರನ್ನು.

ನಿಮ್ಮ ಮನೆಯಲ್ಲೂ ಇಂಥ ಕಡೆಗಳನ್ನೇ ನೋಡಿ. ಬಚ್ಚಲ ಬಾಗಿಲಿನ ಚೌಕಟ್ಟಿನ ಬುಡ, ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳು, ದೇವರ ಪಟದ ಹಿಂಬದಿ, ಸ್ವಿಚ್ ಬೋರ್ಡಿನ ಸುತ್ತ. ಸ್ಕ್ರೂಡ್ರೈವರಿನ ಹಿಡಿಯಿಂದ ಚೌಕಟ್ಟನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಹೋದರೆ ಟೊಳ್ಳಾದ ಕಡೆ ಸದ್ದು ಬದಲಾಗುತ್ತದೆ. ಬಣ್ಣ ಹೊರಗಿನಿಂದ ನೆಟ್ಟಗೇ ಇದ್ದು ಒಳಗೆ ಏನೂ ಉಳಿದಿರದ ಚೌಕಟ್ಟುಗಳನ್ನು ಎಷ್ಟೋ ನೋಡಿದ್ದೇನೆ. ಸಾಗುವಾನಿ ಎಂದು ನಿಶ್ಚಿಂತೆಯಿಂದ ಇರಬೇಡಿ. ತಿರುಳಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ. ಆದರೆ ಹೊರಗಿನ ಬಿಳಿ ಭಾಗ ಸಾಗುವಾನಿಯದ್ದಾದರೂ ಅದಕ್ಕೆ ಒಂದೇ.

ಇನ್ನು ಮನೆಮದ್ದು. ಸೀಮೆಎಣ್ಣೆ, ಉಪ್ಪುನೀರು, ಬೇವಿನೆಣ್ಣೆ, ಫಿನಾಯಿಲ್: ಇವೆಲ್ಲ ತಾಗಿದ ಹುಳುವನ್ನು ಕೊಂದಾವು, ಅಷ್ಟೇ. ಕರಾವಳಿಯಲ್ಲಿ ಹೊಸ ಪಕಾಸು, ತೊಲೆಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವ ಹಳೆಯ ರೂಢಿಯನ್ನು ಮಾತ್ರ ನಾನು ಗೌರವಿಸುತ್ತೇನೆ. ಅದು ಮುನ್ನೆಚ್ಚರಿಕೆ, ಗೆದ್ದಲು ಹತ್ತಿದ ಮೇಲಿನ ಚಿಕಿತ್ಸೆಯಲ್ಲ. ಹಿಂದೆ ಬಿಎಚ್‌ಸಿ ಪುಡಿ, ಆಲ್ಡ್ರಿನ್ ಎಂಬ ಕೀಟನಾಶಕಗಳನ್ನು ಕಂಡಕಂಡಲ್ಲಿ ಸುರಿಯುತ್ತಿದ್ದರು. ಆಲ್ಡ್ರಿನ್ 1996ರಲ್ಲಿ, ಬಿಎಚ್‌ಸಿ 1997ರಲ್ಲಿ ನಿಷೇಧವಾದವು. ಹಳೆಯ ಡಬ್ಬ ಉಗ್ರಾಣದ ಮೂಲೆಯಲ್ಲಿ ಸಿಕ್ಕರೆ "ಆಗಿನದ್ದು ಗಟ್ಟಿ ಮಾಲು" ಎಂದು ಬಳಸಲು ಹೋಗಬೇಡಿ.

ಈಗ ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು. ಕ್ಲೋರ್‌ಪೈರಿಫಾಸ್ 20 ಇಸಿ, ಒಂದು ಲೀಟರಿಗೆ 19 ಲೀಟರ್ ನೀರು, ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ, ಲೀಟರ್ ನೀರಿಗೆ 2.1 ಮಿಲಿ. ಹೆಸರಿನ ಮುಂದಿನ ಅಂಕಿ ಔಷಧಿಯ ಶೇಕಡಾ ಪ್ರಮಾಣ, ಇಸಿ, ಎಸ್‌ಸಿ ಎಂಬುವು ನೀರಿಗೆ ಬೆರೆಸುವ ದ್ರವದ ಬಗೆಗಳು. ಮೊದಲನೆಯದಕ್ಕೆ ಕಡು ವಾಸನೆ. ಎರಡನೆಯದರ ಸುಳಿವು ಗೆದ್ದಲಿಗೆ ಸಿಗುವುದಿಲ್ಲ, ಅದರ ಮೇಲೆಯೇ ಓಡಾಡಿ ಒಂದರಿಂದ ಒಂದಕ್ಕೆ ದಾಟಿಸುತ್ತದೆ. ವಾಸವಿರುವ ಮನೆಗೆ ನನ್ನ ಮತ ಎರಡನೆಯದಕ್ಕೆ. ಔಷಧಿಗಿಂತ ಅದನ್ನು ಹಾಕುವ ರೀತಿ ಮುಖ್ಯ. ಗೋಡೆ ಮತ್ತು ನೆಲ ಸೇರುವ ಮೂಲೆಯ ಉದ್ದಕ್ಕೂ ಸುಮಾರು ಒಂದಡಿಗೊಂದರಂತೆ 12 ಮಿಲಿಮೀಟರ್ ತೂತು ಕೊರೆದು, ನೀರು ಬೆರೆಸಿದ ಔಷಧಿಯನ್ನು ತೂತಿಗೆ ಒಂದು ಲೀಟರಿನಂತೆ ಮಣ್ಣಿಗೆ ಇಳಿಸಿ, ಸಿಮೆಂಟಿನಿಂದ ಮುಚ್ಚಬೇಕು. ಚೌಕಟ್ಟು ಗೋಡೆಗೆ ಸೇರುವಲ್ಲಿ 6 ಮಿಲಿಮೀಟರಿನ ಓರೆ ತೂತುಗಳನ್ನು ಕೊರೆದು ಔಷಧಿ ತುಂಬಬೇಕು. ಕಟ್ಟಿದ ಮನೆಗಳಿಗೆ ಹೀಗೆ ಮಾಡುವ ಕ್ರಮವನ್ನು ಭಾರತೀಯ ಮಾನಕ 6313ರ ಮೂರನೆಯ ಭಾಗದಲ್ಲಿ ಬರೆದೇ ಇಟ್ಟಿದ್ದಾರೆ.

ನಮ್ಮ ಬೀದಿಯ ಒಂದು ಮನೆಗೆ ಬಂದವನು ಕೈಪಂಪಿನಲ್ಲಿ ಗೋಡೆಯ ಬುಡಕ್ಕೆ ಸಿಂಪಡಿಸಿ, ಕಾಫಿ ಆರುವುದರೊಳಗೆ ಕೆಲಸ ಮುಗಿಸಿ, ಐದು ವರ್ಷದ ಗ್ಯಾರಂಟಿ ಕಾರ್ಡ್ ಬರೆದುಕೊಟ್ಟು ಹೋದ. ಮುಂದಿನ ಮಳೆಗಾಲಕ್ಕೆ ಅವನ ಫೋನ್ ಸ್ವಿಚ್ ಆಫ್. ಡ್ರಿಲ್ ತರದೆ ಬಂದವನನ್ನು ಬಾಗಿಲಿನಿಂದಲೇ ಕಳುಹಿಸಿ. ಔಷಧಿಯ ಹೆಸರು ಕೇಳಿ, ಸೀಲು ಒಡೆಯದ ಬಾಟಲಿಯನ್ನು ನಿಮ್ಮ ಕಣ್ಣೆದುರು ಬೆರೆಸಲು ಹೇಳಿ, ಪರವಾನಗಿ ತೋರಿಸಲು ಕೇಳಿ. ಒಂದು ಚೌಕಟ್ಟಿನ ಮಟ್ಟಿಗಾದರೆ ಕೈಗವಸು, ಮುಖಗವಸು ಹಾಕಿಕೊಂಡು ಸ್ವಂತ ಮಾಡಬಹುದು. ಇಡೀ ಮನೆಯ ಕೆಲಸವನ್ನು ಬಲ್ಲವರಿಗೇ ಬಿಡಿ. ಆ ದಿನ ಮಕ್ಕಳು, ಬಸುರಿಯರು, ಸಾಕುಪ್ರಾಣಿಗಳು ಬೇರೆ ಕಡೆ ಇರಲಿ. ಅಡುಗೆಮನೆಯ ಪಾತ್ರೆ, ದಿನಸಿ ಹೊರಗಿರಲಿ. ಬಾವಿ, ಸಂಪು ಹತ್ತಿರವಿದ್ದರೆ ಮೊದಲೇ ತೋರಿಸಿ, ಅದರ ಮಗ್ಗುಲಿನ ಮಣ್ಣಿಗೆ ಔಷಧಿ ಇಳಿಸದಂತೆ ನೋಡಿಕೊಳ್ಳಿ.

ಔಷಧಿ ಹಾಕಿಸಿದರೂ ಗೆದ್ದಲನ್ನು ಕರೆಯುವ ಕಾರಣ ಹಾಗೆಯೇ ಉಳಿದಿದ್ದರೆ ಅದು ಮತ್ತೆ ಬಂದೇ ಬರುತ್ತದೆ. ಹೊಸ ಮನೆಗಳಲ್ಲಿ ನಾನು ಮೊದಲು ಕೇಳುವುದು ಕಾಂಕ್ರೀಟ್ ಸುರಿಯುವಾಗ ಆಸರೆಗೆ ಕಟ್ಟಿದ ಸೆಂಟ್ರಿಂಗ್ ಹಲಗೆಯ ಚೂರುಗಳನ್ನು ಏನು ಮಾಡಿದಿರಿ ಎಂದು. ಮೇಸ್ತ್ರಿಗಳು ಅವನ್ನು ಪಾಯದ ಮಗ್ಗುಲಿಗೇ ಹೂತು ಮಣ್ಣೆಳೆದು ಹೋಗಿರುತ್ತಾರೆ. ಗೆದ್ದಲಿಗೆ ಮನೆ ಬಾಗಿಲಲ್ಲೇ ಊಟ ಬಡಿಸಿದಂತಾಗುತ್ತದೆ. ಗೋಡೆಗೆ ಒರಗಿಸಿದ ಸೌದೆ, ಕಡಿದ ಮರದ ಬೊಡ್ಡೆ, ಗೋಡೆಗೆ ತಾಗಿಸಿ ಏರಿಸಿದ ಹೂಪಾತಿಯ ಮಣ್ಣು ಇವನ್ನೂ ತೆಗೆಸಿ. ತೋಟದಾಚೆಯ ಹುತ್ತದ ತಂಟೆಗೆ ಮಾತ್ರ ಹೋಗಬೇಡಿ. ಅದು ಅಲ್ಲಿ ತರಗೆಲೆ ತಿಂದುಕೊಂಡು ಮಳೆಗಾಲದಲ್ಲಿ ಒಳ್ಳೆಯ ಅಣಬೆ ಕೊಡುತ್ತದೆ.

ತಿಂದುಹೋದ ಚೌಕಟ್ಟನ್ನು ಔಷಧಿ ಹಾಕಿದ ವಾರದಲ್ಲೇ ಬದಲಿಸಲು ಅವಸರ ಮಾಡಬೇಡಿ. ತಿಂಗಳೆರಡು ತಿಂಗಳು ನೋಡಿ, ಹೊಸ ಮಣ್ಣು ಕಾಣದಿದ್ದರೆ ಬಡಗಿಯನ್ನು ಕರೆಸಿ. ಹೊಸ ಮರ ಕೂರಿಸುವ ಮೊದಲು, ಗೋಡೆಯೊಳಗೆ ಮತ್ತು ನೆಲದೊಳಗೆ ಹೋಗುವ ಭಾಗಕ್ಕೆ ಬಣ್ಣಕ್ಕಿಂತ ಮುಂಚೆ ಗೆದ್ದಲುನಿರೋಧಕ ಬಳಿಸಿ, ಚೆನ್ನಾಗಿ ಒಣಗಿದ ಮೇಲಷ್ಟೇ ನಿಲ್ಲಿಸಲು ಹೇಳಿ.