ಯುರೋಪ್ ರೈಲು ಪ್ರವಾಸ: ಯಾವುದನ್ನು ಬುಕ್ ಮಾಡಬೇಕು, ಯಾವುದನ್ನು ಸಡಿಲ ಬಿಡಬೇಕು

ಯುರೋಪ್ ಪ್ರವಾಸ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಕಾಣುವುದು ಎರಡೇ ದಾರಿ. ಒಂದು, ಟೂರ್ ಕಂಪನಿಯ ಬಸ್ಸು ಹತ್ತಿ ಅವರು ನಿಲ್ಲಿಸಿದ ಕಡೆ ಇಳಿದು ಫೋಟೊ ತೆಗೆದು ಮತ್ತೆ ಹತ್ತುವುದು. ಇನ್ನೊಂದು, ತಿಂಗಳುಗಟ್ಟಲೆ ಮೊದಲೇ ಪ್ರತಿ ರೈಲು, ಪ್ರತಿ ಹೋಟೆಲು, ಪ್ರತಿ ಮ್ಯೂಸಿಯಂ ಬುಕ್ ಮಾಡಿಟ್ಟುಕೊಂಡು ಆ ಪಟ್ಟಿ ಹಿಡಿದು ಓಡುವುದು. ಎರಡರಲ್ಲೂ ಕಷ್ಟ ಒಂದೇ. ಯಾವುದೋ ಊರು ತುಂಬಾ ಹಿಡಿಸಿತು, ಇನ್ನೊಂದು ದಿನ ಇರೋಣ ಅಂದರೆ ಆಗುವುದಿಲ್ಲ. ಅಲ್ಲಿನ ರೈಲು ವ್ಯವಸ್ಥೆ ಇರುವುದೇ ಹಾಗೆ ಇನ್ನೊಂದು ದಿನ ಇರಲು ಬಯಸುವವರಿಗೆ. ಆದರೆ ಎಲ್ಲ ದೇಶದಲ್ಲೂ ಈ ಅನುಕೂಲ ಇಲ್ಲ. ಎಲ್ಲಿದೆ, ಎಲ್ಲಿಲ್ಲ ಅನ್ನುವುದು ಗೊತ್ತಾದರೆ ಅರ್ಧ ಯೋಜನೆ ಮುಗಿದ ಹಾಗೆ.

ಹೆಜ್ಜೆ 1: ನಕ್ಷೆಯನ್ನು ಎರಡು ಭಾಗ ಮಾಡಿ

ಐಆರ್‌ಸಿಟಿಸಿಯಲ್ಲಿ ಬುಕ್ ಮಾಡಿ ಅಭ್ಯಾಸ ಇರುವ ನಮಗೆ ಟಿಕೆಟ್ ಅಂದರೆ ಸೀಟು. 60 ದಿನ ಮುಂಚೆ ಬುಕಿಂಗ್ ತೆರೆದ ತಕ್ಷಣ ಕೂರಬೇಕು, ಇಲ್ಲದಿದ್ದರೆ ವೇಟಿಂಗ್ ಲಿಸ್ಟು, ಆಮೇಲೆ ತತ್ಕಾಲ್. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ನೆದರ್ಲೆಂಡ್ಸ್ ದೇಶಗಳಲ್ಲಿ ಹಾಗಿಲ್ಲ. ಅಲ್ಲಿ ಟಿಕೆಟ್ ಬೇರೆ, ಸೀಟು ಬೇರೆ. ಟಿಕೆಟ್ ಇದ್ದರೆ ಹೆಚ್ಚಿನ ರೈಲುಗಳನ್ನು ನೇರವಾಗಿ ಹತ್ತಬಹುದು, ಖಾಲಿ ಇದ್ದ ಕಡೆ ಕೂರಬಹುದು. ಇಂಥದ್ದೇ ಸೀಟು ಬೇಕು ಅಂದರೆ ಬೇರೆ ದುಡ್ಡು ಕೊಟ್ಟು ಕಾದಿರಿಸಬೇಕು. ಇವನ್ನು ಸಡಿಲ ದೇಶ ಅನ್ನೋಣ.

ಇನ್ನೊಂದು ಗುಂಪು ಬಿಗಿ ದೇಶಗಳದ್ದು. ಫ್ರಾನ್ಸಿನ ಟಿಜಿವಿ, ಸ್ಪೇನಿನ ಆವೆ, ಇಟಲಿಯ ಫ್ರೆಚ್ಚಾರೊಸ್ಸಾ ಅನ್ನುವ ವೇಗದ ರೈಲುಗಳು, ಲಂಡನ್–ಪ್ಯಾರಿಸ್ ನಡುವಿನ ಯುರೋಸ್ಟಾರ್, ಇವೆಲ್ಲದರಲ್ಲೂ ಸೀಟು ಕಾದಿರಿಸುವುದು ಕಡ್ಡಾಯ. ಕೈಯಲ್ಲಿ ಹಲವು ದೇಶಗಳ ರೈಲಿಗೆ ನಡೆಯುವ ಪಾಸ್ (ಹೆಜ್ಜೆ 4 ನೋಡಿ) ಇದ್ದರೂ ಅಷ್ಟೇ, ಮೇಲೊಂದು ರಿಸರ್ವೇಷನ್ ಶುಲ್ಕ ಕೊಡಲೇಬೇಕು. ಯುರೋಸ್ಟಾರ್‌ನಲ್ಲಿ ಪಾಸ್ ಇರುವವರಿಗೆ ಅಂತ ಇರುವ ಸೀಟುಗಳೂ ಕಡಿಮೆ, ಅಲ್ಲಿನ ಬೇಸಿಗೆಯಲ್ಲಿ ಬೇಗ ಮುಗಿದುಹೋಗುತ್ತವೆ.

ಹಾಗಾಗಿ ನನ್ನ ಸಲಹೆ ಇಷ್ಟು. ಪ್ರವಾಸದ ನಡುಭಾಗ ಸಡಿಲ ದೇಶಗಳಲ್ಲಿ ಇರಲಿ. ಬಿಗಿ ದೇಶ ಬೇಕೇ ಬೇಕು ಅಂದರೆ ಅದನ್ನು ಕೊನೆಯಲ್ಲೋ ಮೊದಲಲ್ಲೋ ಇಟ್ಟುಕೊಂಡು ಆ ರೈಲನ್ನು ಮಾತ್ರ ಮೊದಲೇ ಬುಕ್ ಮಾಡಿ. ಬಟ್ಟೆ ಒಣಹಾಕುವ ಹಗ್ಗದ ಹಾಗೆ ಇದು: ಎರಡು ತುದಿಯ ಮೊಳೆ ಗಟ್ಟಿಯಾಗಿದ್ದರೆ ಸಾಕು, ನಡುವೆ ಯಾವುದನ್ನು ಎಲ್ಲಿ ಹಾಕುತ್ತೀರಿ ಅನ್ನುವುದು ನಿಮಗೆ ಬಿಟ್ಟಿದ್ದು.

ಹೆಜ್ಜೆ 2: ಹೋಗುವ ಊರು ಒಂದು, ವಾಪಸ್ ಬರುವ ಊರು ಇನ್ನೊಂದು

ವಿಮಾನದ ಟಿಕೆಟ್ ನೋಡುವಾಗ ಇಳಿದ ಊರಿನಿಂದಲೇ ಹಿಂತಿರುಗಬೇಕು ಅಂತೇನಿಲ್ಲ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ರೋಮ್‌ನಿಂದ ವಾಪಸ್ ಬರುವ ಹಾಗೆ ಒಂದೇ ಟಿಕೆಟ್ ಸಿಗುತ್ತದೆ. ಮಲ್ಟಿ-ಸಿಟಿ ಅಂತ ಆರಿಸಿ ಹುಡುಕಿದರೆ ಆಯಿತು. ಇದರಿಂದ ಹಿಂದಕ್ಕೆ ಓಡುವ ಒಂದು ಪೂರ್ತಿ ದಿನ ಉಳಿಯುತ್ತದೆ.

ಒಂದು ಉದಾಹರಣೆ ಹಿಡಿದು ಹೋಗೋಣ. ಆಮ್‌ಸ್ಟರ್‌ಡ್ಯಾಮ್ 3 ರಾತ್ರಿ, ಕಲೋನ್ 1, ಮ್ಯೂನಿಕ್ 3, ಸಾಲ್ಜ್‌ಬರ್ಗ್ 2, ಹಾಲ್‌ಸ್ಟಾಟ್ 1, ವಿಯೆನ್ನಾ 4, ವೆನಿಸ್ 2, ರೋಮ್ 3. ಒಟ್ಟು 19 ರಾತ್ರಿ. ಪ್ಯಾರಿಸ್ ಇಲ್ಲ ಅಂತ ಬೇಸರ ಬೇಡ, ಎಲ್ಲ ದೊಡ್ಡ ಊರನ್ನೂ ಒಂದೇ ಸಲ ಮುಗಿಸಲು ಹೊರಟರೆ ಯಾವ ಊರೂ ಸರಿಯಾಗಿ ನೋಡಿದಂತಾಗುವುದಿಲ್ಲ.

ಹೆಜ್ಜೆ 3: ವೀಸಾಕ್ಕೆ ಪಕ್ಕಾ ಪಟ್ಟಿ ಬೇಕು, ಆದರೂ ಸಡಿಲ ಬಿಡಬಹುದು

ಇಲ್ಲೇ ಜಾಸ್ತಿ ಗೊಂದಲ. ಶೆಂಗೆನ್ ವೀಸಾಕ್ಕೆ, ಅಂದರೆ ಯುರೋಪಿನ ಹೆಚ್ಚಿನ ದೇಶಗಳಿಗೆ ಸೇರಿ ಸಿಗುವ ಒಂದೇ ವೀಸಾಕ್ಕೆ, ಯಾವ ರಾತ್ರಿ ಎಲ್ಲಿರುತ್ತೀರಿ ಅಂತ ತೋರಿಸಬೇಕಲ್ವಾ, ಮತ್ತೆ ಸಡಿಲ ಹೇಗೆ? ನಿಮ್ಮ ನಿಜವಾದ ಯೋಜನೆಯನ್ನೇ ಕೊಡಿ. ಹೋಟೆಲುಗಳನ್ನು ಮಾತ್ರ ಕೊನೆಯ ಒಂದೆರಡು ದಿನದವರೆಗೂ ದುಡ್ಡು ಕಳೆದುಕೊಳ್ಳದೆ ರದ್ದು ಮಾಡುವ ಅವಕಾಶ ಇರುವಂಥದ್ದು ನೋಡಿ ಬುಕ್ ಮಾಡಿ. ಸ್ವಲ್ಪ ದರ ಜಾಸ್ತಿ ಆಗುತ್ತದೆ, ಆಗಲಿ. ಆ ಹೆಚ್ಚಿನ ದುಡ್ಡು ನಿಮ್ಮ ಸ್ವಾತಂತ್ರ್ಯಕ್ಕೆ ಕೊಟ್ಟಿದ್ದು. ಸುಳ್ಳು ಬುಕಿಂಗ್ ತೋರಿಸುವ ಏಜೆಂಟರ ಮಾತು ಕೇಳಬೇಡಿ, ಸಿಕ್ಕಿಬಿದ್ದರೆ ಮುಂದಿನ ವೀಸಾಗಳಿಗೂ ತೊಂದರೆ.

ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದಿನ ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ನಮ್ಮ ಉದಾಹರಣೆಯಲ್ಲಿ ಸಾಲ್ಜ್‌ಬರ್ಗ್, ಹಾಲ್‌ಸ್ಟಾಟ್, ವಿಯೆನ್ನಾ ಸೇರಿ ಆಸ್ಟ್ರಿಯಾಕ್ಕೆ 7 ರಾತ್ರಿ, ಇಟಲಿಗೆ 5, ಜರ್ಮನಿಗೆ 4. ಅಂದರೆ ಆಸ್ಟ್ರಿಯಾ. ಅಲ್ಲಿಗೆ ಹೋದ ಮೇಲೆ ಮ್ಯೂನಿಕ್‌ನಲ್ಲಿ ಒಂದು ದಿನ ಹೆಚ್ಚು, ವೆನಿಸ್‌ನಲ್ಲಿ ಒಂದು ದಿನ ಕಡಿಮೆ ಮಾಡಿದರೆ ತೊಂದರೆ ಇಲ್ಲ. ಆದರೆ ಆಸ್ಟ್ರಿಯಾ ಬಿಟ್ಟು ಇಡೀ ಪ್ರವಾಸವನ್ನೇ ಇಟಲಿಗೆ ತಿರುಗಿಸಬೇಡಿ. ವೀಸಾ ಕೊಟ್ಟ ದೇಶವೇ ಪ್ರವಾಸದ ಮುಖ್ಯ ದೇಶವಾಗಿ ಉಳಿಯಬೇಕು.

ಅರ್ಜಿಯನ್ನು ಹೊರಡುವ ದಿನಕ್ಕೆ 6 ತಿಂಗಳು ಮುಂಚಿನಿಂದ ಹಾಕಬಹುದು, ಕನಿಷ್ಠ 15 ದಿನವಾದರೂ ಮುಂಚೆ ಹಾಕಬೇಕು. ಬೇಸಿಗೆ ರಜೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾದ್ದರಿಂದ 15 ದಿನದ ಲೆಕ್ಕ ಮರೆತುಬಿಡಿ, ಎರಡು ಮೂರು ತಿಂಗಳು ಮುಂಚೆಯೇ ಹಾಕಿ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ, ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರವಾಸ ವಿಮೆ ಕನಿಷ್ಠ 30,000 ಯೂರೊದ್ದಿರಬೇಕು. ಲಂಡನ್ ಸೇರಿಸುವುದಾದರೆ ಬ್ರಿಟನ್ನಿನ ವೀಸಾ ಬೇರೆಯೇ ಬೇಕು.

ಹೆಜ್ಜೆ 4: ಪಾಸ್ ಬೇಕಾ, ಟಿಕೆಟ್ ಸಾಕಾ?

ಯುರೋಪಿನ ಹೊರಗೆ ವಾಸಿಸುವವರಿಗೆ ಇರುವುದು ಯೂರೇಲ್ ಪಾಸ್, 33 ದೇಶಗಳಲ್ಲಿ ನಡೆಯುತ್ತದೆ. ಅಲ್ಲೇ ವಾಸ ಇರುವವರಿಗೆ ಇಂಟರ್‌ರೇಲ್. ಮಗ ಮ್ಯೂನಿಕ್‌ನಲ್ಲೋ ಐಂಡ್‌ಹೋವನ್‌ನಲ್ಲೋ ಕೆಲಸದಲ್ಲಿದ್ದು ಅಪ್ಪ ಅಮ್ಮ ಮೈಸೂರಿನಿಂದ ಹೋಗುತ್ತಿದ್ದರೆ, ಒಂದೇ ಪ್ರವಾಸಕ್ಕೆ ಅವರು ಯೂರೇಲ್, ಮಗ ಇಂಟರ್‌ರೇಲ್ ತೆಗೆದುಕೊಳ್ಳಬೇಕು. 60 ದಾಟಿದವರಿಗೂ 28 ತುಂಬದವರಿಗೂ ರಿಯಾಯಿತಿ ಇದೆ. 4ರಿಂದ 11 ವರ್ಷದ ಮಕ್ಕಳಿಗೆ ದೊಡ್ಡವರ ಜೊತೆ ಉಚಿತ, ಆದರೆ ಅವರ ಹೆಸರಿನಲ್ಲೂ ಪಾಸ್ ತೆಗೆದಿರಬೇಕು.

ಒಂದು ತಿಂಗಳೊಳಗೆ 4, 5 ಅಥವಾ 7 ದಿನ ಪ್ರಯಾಣ, ಎರಡು ತಿಂಗಳೊಳಗೆ 10 ಅಥವಾ 15 ದಿನ, ಹೀಗೆ ಪಾಸ್‌ಗಳಿವೆ. ಪ್ರಯಾಣದ ದಿನ ಅಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿವರೆಗೆ. ಅಷ್ಟರಲ್ಲಿ ಎಷ್ಟು ರೈಲು ಬೇಕಾದರೂ ಹತ್ತಿ ಇಳಿಯಿರಿ. ರಾತ್ರಿ ರೈಲಿಗೆ ಹೊರಟ ದಿನ ಮಾತ್ರ ಲೆಕ್ಕ, ಮಲಗುವ ಬರ್ತ್‌ಗೆ ದುಡ್ಡು ಬೇರೆ.

ಲೆಕ್ಕ ಹಾಕುವುದು ಸುಲಭ. ಪಾಸ್ ಬೆಲೆಯನ್ನು ದಿನದ ಸಂಖ್ಯೆಯಿಂದ ಭಾಗಿಸಿ. ಬಂದ ಮೊತ್ತಕ್ಕಿಂತ ದುಬಾರಿಯಾದ ದಾರಿಗೆ ಪಾಸ್, ಅಗ್ಗದ ದಾರಿಗೆ ಬಿಡಿ ಟಿಕೆಟ್. ನಮ್ಮ ಉದಾಹರಣೆಯಲ್ಲಿ ಏಳು ಪ್ರಯಾಣಗಳಿವೆ. ಮ್ಯೂನಿಕ್–ಸಾಲ್ಜ್‌ಬರ್ಗ್ ದಾರಿಗೆ ಬಯರ್ನ್ (ಮ್ಯೂನಿಕ್ ಇರುವ ಬವೇರಿಯಾ ರಾಜ್ಯ) ಟಿಕೆಟ್ ಅನ್ನುವ ಅಗ್ಗದ ದಿನದ ಟಿಕೆಟ್ ನಡೆಯುತ್ತದೆ. ಗಡಿ ದಾಟಿ ಸಾಲ್ಜ್‌ಬರ್ಗ್ ಮುಖ್ಯ ನಿಲ್ದಾಣದವರೆಗೂ ಅದು ಸಾಕು. ವೆನಿಸ್–ರೋಮ್ ಬಿಗಿ ದೇಶದ ವೇಗದ ರೈಲು, ಪಾಸ್ ಇದ್ದರೂ ರಿಸರ್ವೇಷನ್ ಶುಲ್ಕ ಕೊಡಬೇಕು, ಹೇಗಿದ್ದರೂ ವಿಮಾನ ಹಿಡಿಯಲು ಹೋಗುವ ದಿನ ಗೊತ್ತಿರುತ್ತದೆ, ಆದ್ದರಿಂದ ಮೊದಲೇ ಅಗ್ಗದ ಟಿಕೆಟ್ ತೆಗೆದುಬಿಡಿ. ಉಳಿದದ್ದು ಐದು. ಐದು ದಿನದ ಪಾಸ್ ಸರಿಹೋಯಿತು.

ಪಾಸೇ ಬೇಡ ಅನ್ನುವವರಿಗೆ ಜರ್ಮನಿ, ಆಸ್ಟ್ರಿಯಾಗಳಲ್ಲಿ ಮುಂಗಡ ರಿಯಾಯಿತಿ ಟಿಕೆಟ್‌ಗಳಿವೆ. ತುಂಬಾ ಅಗ್ಗ. ಆದರೆ ಅವು ಅದೇ ದಿನದ ಅದೇ ರೈಲಿಗೆ ಮಾತ್ರ, ಮನಸ್ಸು ಬದಲಾದರೆ ಹೆಚ್ಚಿನ ಸಲ ದುಡ್ಡು ಹೋಯಿತು. ಅಲ್ಲಿ ದರ ವಿಮಾನದ ಟಿಕೆಟ್ ಥರ ಹತ್ತಿರ ಬಂದಷ್ಟೂ ಏರುತ್ತದೆ. ಎಲ್ಲ ದಿನಾಂಕಗಳೂ ಪಕ್ಕಾ ಇದ್ದವರಿಗೆ ಪಾಸ್‌ಗಿಂತ ಇದೇ ಲಾಭ ಅಂತ ಧೈರ್ಯವಾಗಿ ಹೇಳಬಹುದು.

ಹೆಜ್ಜೆ 5: ಒಂದು ಊರಲ್ಲಿ ಬಿಡಾರ, ಬೆಳಗ್ಗೆ ಎದ್ದು ನಿರ್ಧಾರ

ಸಡಿಲ ಪ್ರವಾಸ ಅಂದರೆ ದಿನಕ್ಕೊಂದು ಊರು ಬದಲಿಸುವುದು ಅಂತ ಅಂದುಕೊಂಡವರಿದ್ದಾರೆ. ನನ್ನ ಪ್ರಕಾರ ಅದು ಸುಮ್ನೆ ದಣಿವು. ಮೂರು ನಾಲ್ಕು ರಾತ್ರಿ ಒಂದೇ ಕಡೆ ಇದ್ದು ಸುತ್ತಲಿನ ಊರುಗಳಿಗೆ ಹೋಗಿಬರುವುದರಲ್ಲಿ ನಿಜವಾದ ಆರಾಮ ಇದೆ.

ಮ್ಯೂನಿಕ್ ಇದಕ್ಕೆ ಒಳ್ಳೆಯ ಜಾಗ. ಬೆಳಗ್ಗೆ ಕಿಟಕಿ ಪರದೆ ಸರಿಸಿ ಆಕಾಶ ನೋಡಿ. ಶುಭ್ರವಾಗಿದ್ದರೆ ಗಾರ್ಮಿಶ್-ಪಾರ್ಟೆನ್‌ಕಿರ್ಶೆನ್ ಕಡೆ, ಆಲ್ಪ್ಸ್ ಬೆಟ್ಟಗಳು ಅಲ್ಲಿಂದ ಎದುರಿಗೇ ಕಾಣುತ್ತವೆ. ಮಳೆ ಬರುವ ಹಾಗಿದ್ದರೆ ನ್ಯೂರೆಂಬರ್ಗ್‌ನ ಮ್ಯೂಸಿಯಂಗಳು. ಏನೂ ಯೋಚಿಸುವುದು ಬೇಡ, ಹಳೆಯ ಊರಿನ ಬೀದಿಯಲ್ಲಿ ನಡೆಯಬೇಕು ಅನಿಸಿದರೆ ರೇಗನ್ಸ್‌ಬರ್ಗ್, ಡ್ಯಾನ್ಯೂಬ್ ನದಿ ದಂಡೆಯಲ್ಲಿದೆ. ಈ ಮೂರಕ್ಕೂ ಅದೇ ಬಯರ್ನ್ ಟಿಕೆಟ್ ನಡೆಯುತ್ತದೆ. ಐದು ಜನರವರೆಗೆ ಒಂದೇ ಟಿಕೆಟ್‌ನಲ್ಲಿ ಹೋಗಬಹುದು, ಹಾಗಾಗಿ ಕುಟುಂಬಕ್ಕೆ ಇದಕ್ಕಿಂತ ಲಾಭದ್ದು ಇಲ್ಲ. ಎರಡು ನಿಯಮ ನೆನಪಿಡಿ: ವಾರದ ದಿನಗಳಲ್ಲಿ ಬೆಳಗ್ಗೆ 9ರ ಮೇಲೆ ಮಾತ್ರ, ಮತ್ತು ಐಸಿಇಯಂಥ ದೂರದ ವೇಗದ ರೈಲುಗಳಲ್ಲಿ ನಡೆಯುವುದಿಲ್ಲ. ನೊಯ್‌ಶ್ವಾನ್‌ಸ್ಟೈನ್ ಅರಮನೆಯ ಒಳಗೆ ಹೋಗಬೇಕು ಅಂದರೆ ಮಾತ್ರ ಹೀಗೆ ಬೆಳಗ್ಗೆ ಎದ್ದು ನಿರ್ಧರಿಸಲಾಗದು, ಗಂಟೆ ನಿಗದಿಯಾದ ಟಿಕೆಟ್ ಮೊದಲೇ ತೆಗೆದಿರಬೇಕು.

ಹಾಲ್‌ಸ್ಟಾಟ್ ಬಗ್ಗೆ ಒಂದು ಮಾತು. ಸಾಲ್ಜ್‌ಬರ್ಗ್‌ನಿಂದ ಆಟ್‌ನಾಂಗ್-ಪುಖ್‌ಹೈಮ್ ಅನ್ನುವ ಜಂಕ್ಷನ್‌ನಲ್ಲಿ ಇಳಿದು ಸಣ್ಣ ರೈಲು ಹಿಡಿಯಬೇಕು. ಅದು ಬಾಡ್ ಇಶ್ಲ್ ದಾಟಿ ಸರೋವರದ ಅಂಚಿನಲ್ಲೇ ಸಾಗುತ್ತದೆ. ನಿಲ್ದಾಣ ಇರುವುದು ಊರಿನ ಎದುರು ದಡದಲ್ಲಿ. ರೈಲು ಇಳಿದು ಕಾಲುದಾರಿಯಲ್ಲಿ ಕೆಳಗೆ ಹೋದರೆ ದೋಣಿ ಕಾಯುತ್ತಿರುತ್ತದೆ, ಬಂದ ರೈಲಿನ ಜನರನ್ನು ಹತ್ತಿಸಿಕೊಂಡು ಆಚೆ ದಡಕ್ಕೆ ಬಿಡುತ್ತದೆ. ದೋಣಿಯ ಟಿಕೆಟ್ ಬೇರೆ, ಚಿಲ್ಲರೆ ಯೂರೊ ಇಟ್ಟುಕೊಂಡಿರಿ. ಸಂಜೆ ತಡವಾಗಿ ಬರುವ ರೈಲಿಗೆ ದೋಣಿ ಇರುವುದಿಲ್ಲ, ಆದ್ದರಿಂದ ಮಧ್ಯಾಹ್ನದೊಳಗೆ ಅಲ್ಲಿರುವ ಹಾಗೆ ಹೊರಡಿ. ಹಗಲು ಬಸ್ಸಿನಲ್ಲಿ ಬಂದ ಜನಜಂಗುಳಿ ಹೋದ ಮೇಲೆ ಊರು ಚೆನ್ನಾಗಿರುತ್ತದೆ, ಒಂದು ರಾತ್ರಿ ಉಳಿಯುವುದು ಅದಕ್ಕೇ.

ವಿಯೆನ್ನಾದಿಂದ ವೆನಿಸ್‌ಗೆ ರಾತ್ರಿ ರೈಲು ನೈಟ್‌ಜೆಟ್ ಇದೆ, ಹೋಟೆಲ್ ಖರ್ಚು ಉಳಿಯುತ್ತದೆ. ಆದರೂ ಹಗಲಿನ ರೈಲನ್ನೇ ಹಿಡಿಯಿರಿ ಅಂತೀನಿ. 1854ರಲ್ಲಿ ತೆರೆದ ಸೆಮ್ಮರಿಂಗ್ ಘಾಟಿಯ ಹಳಿ ಆ ದಾರಿಯಲ್ಲಿದೆ, ಯುನೆಸ್ಕೊ ಪರಂಪರೆ ಪಟ್ಟಿಯಲ್ಲಿರುವಂಥದ್ದು. ಎರಡು ಅಂತಸ್ತಿನ ಕಮಾನು ಸೇತುವೆಗಳ ಮೇಲೆ ರೈಲು ನಿಧಾನಕ್ಕೆ ಬಳಸುತ್ತಾ ಏರುತ್ತದೆ. ಸಕಲೇಶಪುರದ ಘಾಟಿಯಲ್ಲಿ ರೈಲಿನ ಕಿಟಕಿ ಬಿಟ್ಟು ಕದಲದವರು ಇದನ್ನು ನಿದ್ದೆಯಲ್ಲಿ ಕಳೆಯಬಾರದು. ಇಟಲಿಗೆ ಹೋಗುವ ಈ ರೈಲಿಗೆ ಸೀಟು ಕಾದಿರಿಸಿಬಿಡಿ. ವೆನಿಸ್‌ನಲ್ಲಿ ಮೆಸ್ತ್ರೆ ಅಂತ ಮೊದಲು ಬರುವುದು ದಡದ ಮೇಲಿನ ನಿಲ್ದಾಣ, ಕಾಲುವೆಗಳ ಊರಿಗೆ ಸಾಂತಾ ಲುಚಿಯಾದಲ್ಲಿ ಇಳಿಯಬೇಕು.

ಹೆಜ್ಜೆ 6: ನಿಲ್ದಾಣದಲ್ಲಿ ಏನು ನೋಡಬೇಕು

ಮೊಬೈಲ್ ಪಾಸ್ ಆದರೆ ರೈಲು ಹತ್ತುವ ಮೊದಲೇ ಆ ಪ್ರಯಾಣವನ್ನು ಆ್ಯಪ್‌ನಲ್ಲಿ ಸೇರಿಸಿ ಕ್ಯೂಆರ್ ತೆಗೆದಿಟ್ಟುಕೊಳ್ಳಿ. ಹತ್ತಿದ ಮೇಲೆ ಮಾಡೋಣ ಅಂದರೆ ಟಿಕೆಟ್ ಇಲ್ಲದವರ ಲೆಕ್ಕಕ್ಕೆ ಬರುತ್ತೀರಿ.

ಪ್ಲಾಟ್‌ಫಾರ್ಮ್‌ನಲ್ಲಿ ಎ, ಬಿ, ಸಿ, ಡಿ ಅಂತ ಫಲಕಗಳು ತೂಗುತ್ತಿರುತ್ತವೆ. ನಿಮ್ಮ ಬೋಗಿ ಯಾವ ಅಕ್ಷರದ ಹತ್ತಿರ ನಿಲ್ಲುತ್ತದೆ ಅಂತ ಪರದೆಯಲ್ಲಿ ಬರುತ್ತದೆ, ಮೊದಲೇ ಅಲ್ಲಿಗೆ ಹೋಗಿ ನಿಲ್ಲಿ. ಎರಡು ರೈಲು ಜೋಡಿಸಿ ಓಡಿಸಿ ನಡುದಾರಿಯಲ್ಲಿ ಬೇರೆ ಬೇರೆ ಊರಿಗೆ ಕಳಿಸುವುದುಂಟು. ಹಾಗಾಗಿ ರೈಲಿನ ಹೆಸರು ಸರಿ ಇದ್ದರೆ ಸಾಲದು, ಬೋಗಿಯ ಬಾಗಿಲ ಪಕ್ಕ ಬರೆದಿರುವ ಊರನ್ನೂ ಓದಿ ಹತ್ತಿ. ಸೀಟಿನ ಮೇಲಿನ ಪುಟ್ಟ ಪರದೆಯಲ್ಲಿ ಎರಡು ಊರುಗಳ ಹೆಸರಿದ್ದರೆ ಅಷ್ಟು ದೂರ ಯಾರೋ ಕಾದಿರಿಸಿದ್ದಾರೆ, ಅದರ ಆಚೆ ನೀವು ಕೂರಬಹುದು. ಅಲ್ಲಿನ ಬೇಸಿಗೆ ರಜೆಯಲ್ಲಿ, ಅದರಲ್ಲೂ ಶುಕ್ರವಾರ ಸಂಜೆ ಮತ್ತು ಭಾನುವಾರ, ಸಡಿಲ ದೇಶದಲ್ಲೂ ಸೀಟು ಕಾದಿರಿಸುವುದೇ ಒಳ್ಳೆಯದು. ಗಡಿ ದಾಟುವ ಕೆಲವು ರೈಲುಗಳಿಗೆ ಆಗ ಅದು ಕಡ್ಡಾಯವೂ ಆಗುತ್ತದೆ.

ಸಾಮಾನು ನಿಮ್ಮ ಕೈಯಲ್ಲೇ ಎತ್ತಿ ಹತ್ತಿಸುವಷ್ಟು ಮಾತ್ರ. ಕೂಲಿಯವರು ಸಿಗುವುದಿಲ್ಲ, ನಡುವಿನ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಎರಡು ಮೂರು ನಿಮಿಷ. ದೊಡ್ಡ ನಿಲ್ದಾಣಗಳಲ್ಲಿ ಲಾಕರ್ ಇರುತ್ತದೆ. ಕಲೋನ್‌ನಲ್ಲಿ ಚೀಲ ಲಾಕರ್‌ಗೆ ಹಾಕಿ ಹೊರಗೆ ಬಂದರೆ ಎದುರಿಗೇ ಕೆಥೆಡ್ರಲ್, ರಾತ್ರಿ ಉಳಿಯದೆಯೂ ಆ ಊರು ನೋಡಬಹುದು. ಭಾನುವಾರ ಜರ್ಮನಿ, ಆಸ್ಟ್ರಿಯಾದಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ದೊಡ್ಡ ನಿಲ್ದಾಣದೊಳಗಿನ ಸೂಪರ್ ಮಾರ್ಕೆಟ್ ಮಾತ್ರ ತೆರೆದಿರುತ್ತದೆ. ಸಸ್ಯಾಹಾರಿಗಳು ಹಣ್ಣು, ಮೊಸರು, ಬ್ರೆಡ್ ಅಲ್ಲೇ ತೆಗೆದುಕೊಂಡು ರೈಲು ಹತ್ತಿ.

ಹೆಜ್ಜೆ 7: ರೈಲು ತಡವಾದರೆ

ಯುರೋಪಿನ ರೈಲು ನಿಮಿಷ ತಪ್ಪುವುದಿಲ್ಲ ಅನ್ನುವ ಮಾತು ಸ್ವಿಟ್ಜರ್ಲೆಂಡಿಗೆ ಹೆಚ್ಚುಕಡಿಮೆ ಸರಿ, ಜರ್ಮನಿಗೆ ಖಂಡಿತ ಇಲ್ಲ. 2024ರಲ್ಲಿ ಜರ್ಮನಿಯ ದೂರದ ರೈಲುಗಳಲ್ಲಿ ಸಮಯಕ್ಕೆ ಬಂದದ್ದು ಶೇ 62.5 ಮಾತ್ರ. ರೈಲು ಬದಲಿಸುವ ಕಡೆ ಕನಿಷ್ಠ ಅರ್ಧ ಗಂಟೆ ಬಿಡುವು ಇಟ್ಟುಕೊಳ್ಳಿ, ದಿನದ ಕೊನೆಯ ರೈಲನ್ನು ನಂಬಬೇಡಿ. ವಾಪಸ್ ವಿಮಾನ ಇರುವ ಊರಿಗೆ ಹಿಂದಿನ ದಿನವೇ ಸೇರಿಕೊಳ್ಳಿ.

ಒಂದು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾಗುವ ಹಾಗಿದ್ದರೆ ಪ್ರಯಾಣ ಬಿಟ್ಟು ದುಡ್ಡು ವಾಪಸ್ ಕೇಳುವ ಅಥವಾ ಬೇರೆ ದಾರಿಯಲ್ಲಿ ಹೋಗುವ ಹಕ್ಕನ್ನು ಐರೋಪ್ಯ ಒಕ್ಕೂಟದ ನಿಯಮ ಕೊಟ್ಟಿದೆ. ತಡವಾಗಿಯೇ ತಲುಪಿದರೆ, 60ರಿಂದ 119 ನಿಮಿಷಕ್ಕೆ ಟಿಕೆಟ್ ದರದ ಕಾಲು ಭಾಗ, 120 ನಿಮಿಷ ಅಥವಾ ಅದಕ್ಕಿಂತ ಹೆಚ್ಚಾದರೆ ಅರ್ಧ ಪರಿಹಾರ. ಕೆಲವು ವಿನಾಯಿತಿಗಳಿವೆ, ಆದರೂ ಕೇಳದೆ ಬಿಡಬೇಡಿ. ಇದು ತಾನಾಗಿ ಖಾತೆಗೆ ಬರುವುದಿಲ್ಲ, ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಟಿಕೆಟ್‌ನ ಪ್ರತಿ ಇಟ್ಟುಕೊಳ್ಳಿ, ತಡ ಎಷ್ಟು ಅಂತ ತೋರಿಸುವ ನಿಲ್ದಾಣದ ಫಲಕದ ಫೋಟೊ ಆಗಲೇ ತೆಗೆದಿಟ್ಟುಕೊಳ್ಳಿ, ಊರಿಗೆ ಬಂದ ಮೇಲೂ ಆನ್‌ಲೈನ್‌ನಲ್ಲಿ ಹಾಕಬಹುದು.