ಶಿರಸಿಯಿಂದ ಕಾರವಾರಕ್ಕೆ: ಗಾಡಿ ಎಲ್ಲೆಲ್ಲಿ ನಿಲ್ಲಿಸಬೇಕು

ಕಾರವಾರಕ್ಕೆ ಹೊರಟವರ ಕೈಗೆ ನಮ್ಮ ಶಿರಸಿಯಲ್ಲಿ ಎಲ್ಲರೂ ಜಲಪಾತಗಳ ಪಟ್ಟಿ ಕೊಡುತ್ತಾರೆ. ನಾನು ಕೊಡುವುದಿಲ್ಲ. ಒಂದೇ ದಿನ ಇರುವವರು ದೇವಿಮನೆ ಘಟ್ಟ ಇಳಿದು ಕರಾವಳಿ ಹಿಡಿಯುವುದು ಲೇಸು. ಮಳೆಗಾಲವಾದರೆ ಘಟ್ಟದ ರಸ್ತೆ ತೆರೆದಿದೆಯೇ ಎಂದು ಮೊದಲು ಲಾರಿಯವರನ್ನು ಕೇಳಿ. ಗುಡ್ಡ ಕುಸಿದ ಸುದ್ದಿ ಮೊಬೈಲಿಗಿಂತ ಮುಂಚೆ ಅವರಿಗೆ ಗೊತ್ತಿರುತ್ತದೆ.

ಪೇಟೆಯಲ್ಲಿ ತೊಡದೇವು ಕಟ್ಟಿಸಿಕೊಳ್ಳಿ. ಕಬ್ಬಿನ ಹಾಲು ಬೆರೆಸಿದ ಅಕ್ಕಿ ಹಿಟ್ಟನ್ನು ಕಾದ ಮಡಕೆಯ ಬೆನ್ನಿಗೆ ಬಟ್ಟೆಯಿಂದ ತೆಳುವಾಗಿ ಸವರಿ ಎಬ್ಬಿಸುವ ತಿಂಡಿ ಅದು. ಡಿಕ್ಕಿಯಲ್ಲಿಟ್ಟರೆ ಪುಡಿಪುಡಿ, ಮಡಿಲಲ್ಲೇ ಇರಲಿ.

ಯಾಣದ ಫಲಕ ಕಂಡಾಗ ಮನಸ್ಸು ಗಟ್ಟಿ ಮಾಡಿಕೊಳ್ಳಿ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರವನ್ನು ಓಡುತ್ತಾ ನೋಡಲಾಗದು.

ದೀವಗಿಯಲ್ಲಿ ಹೆದ್ದಾರಿ ಸಿಕ್ಕ ಮೇಲೆ ಬಲಕ್ಕೆ ಹೊರಳಿ ಅಘನಾಶಿನಿ ದಾಟಿದರೆ ಮಿರ್ಜಾನ ಕೋಟೆ. ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದ ಈ ಚಿರೆಕಲ್ಲಿನ ಗೋಡೆಗಳು ಮಳೆ ಬಿದ್ದ ಮೇಲೆ ಹಸಿರು ಹೊದೆಯುತ್ತವೆ. ಅರ್ಧ ಗಂಟೆ ಸಾಕು.

ಉಳಿಸಿದ ಸಮಯವನ್ನು ಸಾಣಿಕಟ್ಟೆಗೆ ಕೊಡಿ. ಮಾದನಗೇರಿಯಲ್ಲಿ ಗೋಕರ್ಣದ ಕಡೆ ತಿರುಗಿ. ಓಂ ಬೀಚಿಗೆ ಧಾವಿಸುವವರು ಕಿಟಕಿಯಿಂದ ಮಾತ್ರ ನೋಡುವ ಉಪ್ಪಿನ ಆಗರ ಇರುವುದು ಅಲ್ಲೇ. ಉಬ್ಬರದಲ್ಲಿ ಒಳಬಿಟ್ಟ ನೀರು ಪಾತಿಯಿಂದ ಪಾತಿಗೆ ಸಾಗುತ್ತಾ, ಬಿಸಿಲಿಗೆ ಇಂಗುತ್ತಾ, ಕೊನೆಯಲ್ಲಿ ಹರಳುಗಟ್ಟುತ್ತದೆ. ಕೆಲಸದವರು ಉದ್ದ ಹಿಡಿಯ ಹಲಗೆಯಿಂದ ಅದನ್ನು ಬದುವಿಗೆ ಎಳೆದು ಗುಪ್ಪೆ ಹಾಕುತ್ತಾರೆ. ಹೊಸ ಉಪ್ಪು ಬೂದುಬಣ್ಣದ್ದು, ಅಂಗೈಯಲ್ಲಿ ಒದ್ದೆಯಾಗಿ ಅಂಟುತ್ತದೆ. ಇದೆಲ್ಲ ಬೇಸಿಗೆಯ ಮಾತು; ಮಳೆಗಾಲದಲ್ಲಿ ಕಾಣುವುದು ಬರೀ ನೀರು. ಬದುವಿನ ಮೇಲೆ ಕಾಲಿಡುವ ಮುನ್ನ ಅಲ್ಲಿದ್ದವರ ಒಪ್ಪಿಗೆ ಕೇಳಿ, ಫೋಟೊಕ್ಕಾಗಿ ಯಾರನ್ನೂ ಕೆಲಸ ಬಿಡಿಸಿ ನಿಲ್ಲಿಸಬೇಡಿ.

ಮೇ ತಿಂಗಳಾದರೆ ಅಂಕೋಲೆಯಲ್ಲಿ ಕರಿ ಇಷಾಡ ಮಾವು ಕೊಳ್ಳಿ. ಒತ್ತಿ ನೋಡಬೇಡಿ, ಮಾರುವವರಿಗೆ ಸಿಟ್ಟು ಬರುತ್ತದೆ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಮರಳ ಮೇಲೆ ನಿಂತ ಯುದ್ಧನೌಕೆ ‘ಚಪಲ್’ 2006ರಿಂದ ವಸ್ತುಸಂಗ್ರಹಾಲಯ. ಮಧ್ಯಾಹ್ನ ಹೋಗಬೇಡಿ, ಉಕ್ಕಿನ ಒಡಲೊಳಗೆ ಬೆಂದು ಹೋಗುತ್ತೀರಿ. ಸಂಜೆ ತಗ್ಗಿದ ಬಾಗಿಲುಗಳಲ್ಲಿ ತಲೆ ಬಗ್ಗಿಸಿ ನುಸುಳಿದರೆ ನಾವಿಕರ ಬೊಂಬೆಗಳು ಇಕ್ಕಟ್ಟಿನಲ್ಲಿ ಕೆಲಸದಲ್ಲಿ ತೊಡಗಿರುವುದು ಕಾಣುತ್ತದೆ. ಮಕ್ಕಳು ಹೊರಬರಲು ಒಪ್ಪುವುದಿಲ್ಲ. ಪಕ್ಕದಲ್ಲೇ ನೌಕಾಪಡೆಯ ಟುಪೊಲೆವ್ ವಿಮಾನವೂ ಇದೆ.

ಇನ್ನೂ ಬೆಳಕಿದ್ದರೆ ಕಾಳಿ ನದಿ ದಾಟಿ ಸದಾಶಿವಗಡದ ಗುಡ್ಡ ಹತ್ತಿ. ನದಿ ಕಡಲು ಸೇರುವುದನ್ನು ನೋಡಲು ಸೇತುವೆಯ ಮೇಲೆ ಗಾಡಿ ನಿಲ್ಲಿಸುವವರಿದ್ದಾರೆ. ಹಿಂದಿನಿಂದ ಲಾರಿಗಳು ಬರುತ್ತಿರುತ್ತವೆ, ಆ ಕೆಲಸ ಬೇಡ.